ಒಂದು ಗುಲಗಂಜಿ ಬೆರಕೆ

ನಮ್ಮಪ್ಪನ ಬೆಳ್ಳಿ ಅಂಗಡಿಗೆ ಲೈಸೆನ್ಸಿನಲ್ಲಿ ಯಾವುದೋ ದೇವರ ಹೆಸರಿತ್ತು. ಆ ಹೆಸರು ಹಿಡಿದು ದಾವಣಗೆರೆಯ ಚೌಕಿಪೇಟೆಯಲ್ಲಿ ದಾರಿ ಕೇಳಿದರೆ ಪಕ್ಕದ ಅಂಗಡಿಯವರೂ ತಲೆ ಕೆರೆದುಕೊಳ್ಳುತ್ತಿದ್ದರು. ಅಂಗಡಿಯ ನೆತ್ತಿಯ ಮೇಲೆ ಅಜ್ಜ ಬರೆಸಿದ ತಗಡಿನ ಬೋರ್ಡು. ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ಎರಡೇ ಎರಡು ಪದ: ‘ಬೆರಕೆ ಇಲ್ಲ’. ಜನಕ್ಕೆ ಅದೇ ಹೆಸರು. ಅಪ್ಪ ‘ಬೆರಕೆ ಇಲ್ಲದ ಸಾವ್ಕಾರ್ರು’, ಅವ್ವ ‘ಬೆರಕೆ ಇಲ್ಲದ ಅವ್ವಾರು’. ಮದುವೆ ಕರೆಯೋಲೆಗಳ ಮೇಲೂ ಹಾಗೇ ಬರೆದು ಕೊಟ್ಟು ಹೋಗುತ್ತಿದ್ದರು.

ನನಗೆ ಶಾಲೆಯಲ್ಲಿ ‘ಬೆರಕಿ’ ಅಂತ ಹೆಸರಿಟ್ಟರು. ನಮ್ಮ ಕಡೆ ಬೆರಕಿ ಅಂದರೆ ಬೇರೆಯೇ ಅರ್ಥ; ಕಿಲಾಡಿ, ನೀರಿಗಿಳಿದರೂ ಕಾಲು ತೋಯಿಸಿಕೊಳ್ಳದವಳು ಅಂತ. ನಾನು ಅಷ್ಟು ಜಾಣಳಾಗಿದ್ದರೆ ಈ ಕತೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನನಗಿದ್ದದ್ದು ಮೂಗಿನ ತುದಿಯ ಸಿಟ್ಟು, ಮತ್ತೆ ಕೇಳದಿದ್ದರೂ ವಿವರಿಸುವ ಚಟ. ಎರಡೂ ಇವತ್ತಿಗೂ ಹೋಗಿಲ್ಲ.

ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಮರುವರ್ಷ. ನಾನೊಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ, ಜೊತೆಗೆ ಪಿಎಚ್‌ಡಿ ವಿದ್ಯಾರ್ಥಿನಿ. ಮೂರು ವರ್ಷದಲ್ಲಿ ಎರಡು ವಿಷಯ ಹಿಡಿದು ಎರಡನ್ನೂ ಕೈಬಿಟ್ಟಿದ್ದೆ. ನನ್ನ ಗೈಡ್ ದೇವರಾಜ ಅರಸು ಬಡಾವಣೆಯ ತಮ್ಮ ಮನೆಯ ಮುಂದೆ ಗಿಡಗಳಿಗೆ ನೀರು ಬಿಡುತ್ತಾ ಮೂರನೆಯದನ್ನು ಹೇಳಿದರು. ಎರಡು ಬೇರೆ ಬೇರೆ ಲೋಹದ ಕಡ್ಡಿಗಳನ್ನು ಎದುರುಬದುರು ಹಿಡಿದು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ವಿದ್ಯುತ್ತಿನ ಕಿಡಿ ಹಾರಿಸಬೇಕು. ಕಿಡಿ ಬಿದ್ದ ಜಾಗದಲ್ಲಿ ಎರಡೂ ಲೋಹ ಆವಿಯಾಗುತ್ತವೆ. ಆವಿಗೆ ಆವಿ ಬೆರೆತು, ಚಕ್ಕನೆ ತಣ್ಣಗಾಗಿ, ಹೊಗೆಗಿಂತ ನುಣುಪಾದ ಕಣಗಳಾಗುತ್ತವೆ. ಅವಕ್ಕೆ ನ್ಯಾನೋ ಕಣ ಅಂತ ಹೆಸರು.

‘ಬೆಳ್ಳಿ, ತಾಮ್ರ ತಗೋಳಮ್ಮ’ ಅಂದರು. ‘ಇವೆರಡನ್ನ ಮೂಸೆಯಲ್ಲಿ ಕರಗಿಸಿದ್ರೆ ಚೆನ್ನಾಗೇ ಬೆರೀತಾವೆ. ಆರೋವಾಗ ಮಾತ್ರ ಒಳಗೊಳಗೇ ಬೇರೆ ಆಗ್ತಾವೆ, ಒಂದೇ ಮನೆಯಾಗಿದ್ದು ಎರಡು ಒಲೆ ಹೂಡೋ ವಾರಗಿತ್ತೇರ ಹಂಗೆ. ಕಿಡಿಯೊಳಗೆ ಬೇರೆಯಾಗೋಕೆ ಪುರಸೊತ್ತೇ ಇರಲ್ಲ. ನಿಜಕ್ಕೂ ಬೆರೆತಾವಾ ಇಲ್ವಾ ಅಂತ ಎಕ್ಸ್‌ರೇ ಹಿಡಿದು ನೋಡ್ಬೇಕು. ಬೆರೆತಿದ್ರೆ ನಿಂಗೆ ಪಿಎಚ್‌ಡಿ. ಬೆರೀದಿದ್ರೆ ನಂಗೆ ರಿಟೈರ್‌ಮೆಂಟು.’ ಅದು ತಮಾಷೆ ಅಲ್ಲ. ಬೇಸಿಗೆಗೆ ಅವರ ನಿವೃತ್ತಿ. ಅಷ್ಟರೊಳಗೆ ಒಂದಾದರೂ ಗಟ್ಟಿ ಫಲಿತಾಂಶ ತೋರಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು.

ಬೆಳ್ಳಿ ತಾಮ್ರವೇ ಯಾಕೆ ಅಂದರೆ ನಮ್ಮಪ್ಪನ ಹತ್ತಿರ ಬೆಳ್ಳಿ ಇತ್ತು ಅಂತ. ವಿಜ್ಞಾನದ ಎಷ್ಟೋ ವಿಷಯಗಳು ಹೀಗೇ ನಿಗದಿಯಾಗುತ್ತವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಅಪ್ಪ ‘ಯಾತಕ್ಕವ್ವಾ?’ ಅಂದರು. ‘ಪ್ರಯೋಗಕ್ಕಪ್ಪಾಜಿ’ ಅಂದೆ. ತಾಮ್ರದ ಮಾತು ಎತ್ತಲಿಲ್ಲ. ತಾವೇ ಕೂತು ಸೀಸದಕಡ್ಡಿ ದಪ್ಪದ ಬೆಳ್ಳಿ ಕಡ್ಡಿ ಮಾಡಿಸಿ, ಗುಲಾಬಿ ಬಣ್ಣದ ತೆಳುಕಾಗದದಲ್ಲಿ ಸುತ್ತಿ ಕೈಗಿಟ್ಟರು. ‘ಅಪ್ಪಟ ಐತೆ. ಇದರಾಗ ಬೆರಕೆ ತೋರಿಸಿದೋರಿಗೆ ಮೀಸೆ ಬೋಳಿಸಿ ಕೊಡ್ತೀನಿ.’ ನಾನು ಹೂಂ ಅಂತ ತಲೆಯಾಡಿಸಿ ಹೊರಬಿದ್ದೆ. ನನ್ನ ಚೀಲದಲ್ಲಿ ಆಗಲೇ ಅದೇ ದಪ್ಪದ ತಾಮ್ರದ ಕಡ್ಡಿ ಇತ್ತು.

ಕಿಡಿ ಸಿಗುವುದು ಹರಿಹರದಲ್ಲಿ. ಅಲ್ಲಿ ಒಂದು ವರ್ಕ್‌ಶಾಪಿನ ಮೇಸ್ತ್ರಿ ನಮ್ಮ ಗೈಡಿಗೆ ಪರಿಚಯ. ಅವರ ಹತ್ತಿರ ಸ್ಪಾರ್ಕ್ ಮಷಿನ್ ಇತ್ತು. ಸೀಮೆಎಣ್ಣೆಯ ತೊಟ್ಟಿಯೊಳಗೆ ತಾಮ್ರದ ಅಚ್ಚು ಇಳಿಸಿ, ಕಿಡಿ ಹಾರಿಸಿ, ಉಕ್ಕಿನಲ್ಲಿ ಗುಂಡಿ ಕೊರೆಯುವ ಯಂತ್ರ. ತೊಟ್ಟಿಯ ತಳದಲ್ಲಿ ಕರಿ ರಾಡಿ ಕೂತಿತ್ತು. ಅದನ್ನು ನೋಡಿ ನಾನು ‘ಅಯ್ಯೋ, ಇದರಲ್ಲೇ ಇದಾವಲ್ರೀ ಕಣಗಳು!’ ಅಂತ ಕುಣಿದುಬಿಟ್ಟೆ.

ಮೇಸ್ತ್ರಿ ಕೈ ಒರೆಸಿಕೊಂಡರು. ‘ಕಣ ಅಂದ್ರೆ ಯಾವ ಕಣ ಮೇಡಮ್ಮಾರೆ? ನಮ್ಮೂರಾಗ ರಾಶಿ ಮಾಡೋ ಕಣ ಐತೆ, ಅದೊಂದೇ ನಂಗೊತ್ತು.’

‘ನ್ಯಾನೋ ಕಣ ರೀ.’

ಅವರಿಗೆ ‘ನಾನೂ ಕಣ’ ಅಂತ ಕೇಳಿಸಿತು. ‘ನೀವೂನಾ?’ ಅಂದರು.

ಅವರಿಗೆ ಪೂರ್ತಿ ಅರ್ಥವಾಗುವ ಹೊತ್ತಿಗೆ ಎರಡು ಚಾ ಮುಗಿದಿದ್ದವು. ಆಮೇಲೆ ಅವರು ಆ ರಾಡಿಯನ್ನೇ ನೋಡಿ, ‘ಹತ್ತು ವರ್ಷದಿಂದ ಇದನ್ನ ಗಟಾರಕ್ಕ ಸುರೀತಿದೀನಿ. ಇದಕ್ಕ ಡಾಕ್ಟರ್ ಪದವಿ ಕೊಡ್ತಾರಂತ ಒಬ್ಬನಾದ್ರೂ ಹೇಳ್ಬಾರ್ದಾ?’ ಅಂತ ನಿಜವಾಗಿಯೂ ನೊಂದುಕೊಂಡರು.

ಸೀಮೆಎಣ್ಣೆಯಲ್ಲಿ ಮಾಡಿದರೆ ಇಂಗಾಲ ಸೇರಿಕೊಳ್ಳುತ್ತದೆ, ನಮಗೆ ಗಾಳಿಯೂ ತಾಗಬಾರದು ಅಂದೆ. ಮೇಸ್ತ್ರಿ ಒಂದು ವಾರದಲ್ಲಿ ಬೇರೆಯದೇ ಕಟ್ಟಿಕೊಟ್ಟರು. ಬೇಕರಿಯಲ್ಲಿ ಖಾರಾ ಬಿಸ್ಕತ್ತು ತುಂಬಿಡುವ ದೊಡ್ಡ ಗಾಜಿನ ಭರಣಿ. ಅದರ ಎರಡು ಬದಿಯಿಂದ ಎರಡು ಕಡ್ಡಿ. ಹಳೇ ಕಾರಿನ ಇಗ್ನಿಷನ್ ಕಾಯಿಲು. ವೆಲ್ಡಿಂಗಿಗೆ ತಂದಿಟ್ಟ ಸಿಲಿಂಡರಿನಿಂದ ಆರ್ಗಾನ್ ಅನಿಲ. ಅನಿಲ ಒಂದು ಕಡೆಯಿಂದ ಒಳಗೆ ಹೋಗಿ, ಕಿಡಿಯ ಬಳಿ ಹುಟ್ಟಿದ ಕಣಗಳನ್ನು ಹೊತ್ತುಕೊಂಡು ಇನ್ನೊಂದು ಕಡೆಯ ನಳಿಕೆಯಲ್ಲಿ ಹೊರಬರುತ್ತಿತ್ತು. ನಳಿಕೆಯ ಬಾಯಿಗೆ ಸೋಸುವ ಕಾಗದ. ಟಿಕ್ ಟಿಕ್ ಟಿಕ್ ಅಂತ ನೀಲಿ ಕಿಡಿ. ಭರಣಿಯ ಮುಚ್ಚಳದ ಮೇಲೆ ‘ಖಾರಾ’ ಅಂತ ಬರೆದದ್ದು ಹಾಗೇ ಇತ್ತು; ನನ್ನ ಪ್ರಬಂಧದ ಮೂರನೇ ಚಿತ್ರದಲ್ಲಿ ಕಣ್ಣಿಟ್ಟು ನೋಡಿದರೆ ಈಗಲೂ ಓದಬಹುದು.

ಕಡ್ಡಿಯಿಂದ ಎಷ್ಟು ಬೆಳ್ಳಿ ಸವೆಯಿತು ಅಂತ ತೂಗಬೇಕಿತ್ತು. ಕಾಲೇಜಿನಲ್ಲಿ ಹೊಸಾ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು, ಆದರೆ ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ತೆಗೆಯಲು ಅಟೆಂಡರ್ ಬಿಡುತ್ತಿರಲಿಲ್ಲ. ‘ಅದರ ಮ್ಯಾಲೆ ಏನಾರ ಇಟ್ರೆ ಹಾಳಾಗ್ತೈತ್ರಿ ಮೇಡಂ’ ಅನ್ನುತ್ತಿದ್ದ. ವಿಧಿಯಿಲ್ಲದೆ ಅಪ್ಪನ ಅಂಗಡಿಗೆ ಹೋದೆ. ಅಪ್ಪ ಅಜ್ಜನ ಕಾಲದ ಸಣ್ಣ ತಕ್ಕಡಿ ತೆಗೆದರು. ಪೇಟೆಗೆಲ್ಲ ಗ್ರಾಂ ಬಂದು ಎಷ್ಟೋ ಕಾಲವಾಗಿದ್ದರೂ ಸಣ್ಣ ತೂಕಕ್ಕೆ ಅವರು ನಂಬುತ್ತಿದ್ದದ್ದು ಗುಲಗಂಜಿ ಬೀಜವನ್ನು, ಅದಕ್ಕೂ ಸಣ್ಣದಕ್ಕೆ ಭತ್ತದ ಕಾಳನ್ನು. ‘ಈ ವಾರ ಕಿಡಿ ತಿಂದಿದ್ದು ಒಂದು ಭತ್ತದ ಕಾಳು’ ಅನ್ನುತ್ತಿದ್ದರು. ನಾನು ಹಾಗೇ ಬರೆದುಕೊಳ್ಳುತ್ತಿದ್ದೆ. ನೋಟ್‌ಬುಕ್ ನೋಡಿದ ಗೈಡ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಪುಟ ತಿರುಗಿಸಿದರು. ದೊಡ್ಡ ಮನಸ್ಸಿನ ಮನುಷ್ಯ.

ಇನ್ನು ನಾನು ಮಾಡಿದ ಘನಂದಾರಿ ಕೆಲಸ. ಹರಿಹರದ ಬಸ್ಸಿನಲ್ಲಿ ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸು ನನ್ನ ಮಸಿ ಹಿಡಿದ ಬೆರಳು ನೋಡಿ, ಏನು ಕೆಲಸ ಮಾಡ್ತೀಯವ್ವಾ ಅಂದಳು. ಕುಕ್ಕುವಾಡದವಳು, ಮಗಳ ಮನೆಗೆ ಹೊರಟಿದ್ದಳು. ‘ಮಿಶ್ರಲೋಹ ತಯಾರಿಸ್ತೀನಿ’ ಅಂದೆ. ಹಾಗಂದರೆ ಅಂದಳು. ಸುಮ್ಮನೆ ‘ಟೀಚರ್ ಕೆಲಸ’ ಅಂದಿದ್ದರೆ ಮುಗಿಯುತ್ತಿತ್ತು. ವಿಜ್ಞಾನವನ್ನು ಸರಳ ಕನ್ನಡದಲ್ಲಿ ಹೇಳಬೇಕು ಅಂತ ಆಗ ನನಗೊಂದು ಹುಚ್ಚು. ‘ಬೆಳ್ಳಿಗೆ ತಾಮ್ರ ಬೆರಕೆ ಮಾಡ್ತೀನಮ್ಮ’ ಅಂದೆ. ಆಕೆ ಸ್ವಲ್ಪ ಸರಿದು ಕೂತಳು. ‘ಯಾರ ಮಗಳವ್ವಾ ನೀನು?’

ನಾನು ಹೆಮ್ಮೆಯಿಂದ ಹೇಳಿದೆ: ‘ಬೆರಕೆ ಇಲ್ಲದ ಅಂಗಡಿ ಸಾವ್ಕಾರ್ರ ಮಗಳು.’

ಮುಂದಿನ ಸೋಮವಾರ ಅಪ್ಪ ಅಂಗಡಿ ಬಾಗಿಲು ತೆಗೆಯುವುದಕ್ಕೆ ಮೊದಲೇ ಆ ಹೆಂಗಸು ಕಾಲ್ಚೈನು ಗಂಟುಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳಂತೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಜನ. ಉಡಿದಾರ, ಕುಂಕುಮದ ಭರಣಿ, ಕೂಸಿಗೆ ಹಾಲು ಕುಡಿಸೋ ಒಳಲೆ, ಒಬ್ಬರಂತೂ ಕೊರಳಿನ ಲಿಂಗದ ಕರಡಿಗೆಯನ್ನೇ ಬಿಚ್ಚಿ ತಂದಿದ್ದರು. ಎಲ್ಲರದ್ದೂ ಒಂದೇ ಮಾತು: ‘ಒಂಚೂರು ಒರೆಗಲ್ಲಿಗೆ ಹಚ್ಚಿ ನೋಡ್ರಿ ಸಾವ್ಕಾರ್ರೇ, ಮನಸ್ಸಿಗೆ ಸಮಾಧಾನ ಇಲ್ಲ.’ ಅಪ್ಪ ಒಂದೊಂದನ್ನೂ ಉಜ್ಜಿ ತೋರಿಸಿದರು. ಒಂದರಲ್ಲೂ ದೋಷ ಇಲ್ಲ. ಜನ ಹೂಂ ಅಂದು, ‘ಇವೆಲ್ಲಾ ಹಳೇವು ಬಿಡ್ರಿ. ಈಗಿನವು ಹೆಂಗೋ’ ಅಂತ ಗೊಣಗುತ್ತಾ ಇಳಿದು ಹೋದರು.

ಅಪ್ಪ ಊಟಕ್ಕೆ ಬಂದವರು ಕೈ ತೊಳೆಯಲಿಲ್ಲ. ‘ಬೆರಕೆ ಮಾಡ್ತೀಯಂತೆ. ಹೌದೋ, ಅಲ್ಲೋ?’

‘ಅಪ್ಪಾಜಿ, ಅದಕ್ಕೆ ಮಿಶ್ರಲೋಹ ಅಂತಾರೆ...’

‘ಮಿಶ್ರಲೋಹ ಅಂದ್ರೇನು?’

ಎಂಟು ವರ್ಷ ರಸಾಯನಶಾಸ್ತ್ರ ಓದಿದ್ದೆ, ಬೇರೆ ಪದ ಸಿಗಲಿಲ್ಲ. ‘ಬೆರಕೆ’ ಅಂದೆ.

‘ನಾ ಕೊಟ್ಟ ಬೆಳ್ಳಿಗೆ?’

‘ಹೂಂ.’

ಅವ್ವ ಒಳಗಿನಿಂದ ಮುದ್ದೆಯ ತಟ್ಟೆ ತಂದು ಕುಕ್ಕಿದಳು. ‘ಅಲ್ರಿ, ಬೆರಕೆ ಸೊಪ್ಪಿನ ಸಾರು ಮಾಡಿದ್ರೆ ಎರಡು ಮುದ್ದೆ ಜಾಸ್ತಿ ಉಣ್ತೀರಿ. ಅದು ನಡೀತೈತೆ, ಮಗಳು ಮಾಡಿದ್ರೆ ನಡೆಯಂಗಿಲ್ಲೇನು?’ ಅವತ್ತೂ ಬೆರಕೆ ಸೊಪ್ಪಿನ ಸಾರೇ ಆಗಿತ್ತು. ಅಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಉಣ್ಣದೆ ಎದ್ದು ಹೋದರು. ಅಪ್ಪ ಊಟ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಸಿಟ್ಟು ಬಂತು. ನಾನೇನು ಕಾಲ್ಚೈನಿಗೆ ತಾಮ್ರ ಹಾಕಿದ್ದೆನೆ?

ಬೇರೆ ಯಾರಾದರೂ ಆಗಿದ್ದರೆ ‘ಎಲ್ಲಾ ಸುಳ್ಳು, ಯಾರೋ ಹೊಟ್ಟೆಕಿಚ್ಚಿಗೆ ಹಬ್ಬಿಸ್ಯಾರೆ’ ಅಂದು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮಪ್ಪ ಸಂಜೆ ಗಿರಾಕಿಗಳ ಮುಂದೆ ಎದ್ದು ನಿಂತು, ‘ಹೌದ್ರಿ. ನನ್ನ ಮಗಳು ಬೆರಕೆ ಮಾಡ್ತಾಳೆ. ಅಂಗಡಿಯಾಗಲ್ಲ, ಹರಿಹರದಾಗ. ನಂಬಿಕಿ ಇಲ್ಲದೋರು ಹೋಗಿ ನೋಡ್ಕೊಂಬರ್ರಿ’ ಅಂದುಬಿಟ್ಟರು. ಕರೆದರೆ ಬರದೇ ಇರುತ್ತಾರೆಯೇ? ದಾವಣಗೆರೆ ಪೇಟೆಯ ಜನ ಬಿಟ್ಟಿ ಸಂಭ್ರಮ ಎಲ್ಲಿದೆ ಅಂತ ಕಾಯುತ್ತಿರುತ್ತಾರೆ.

ಭಾನುವಾರ ಬೆಳಿಗ್ಗೆ ಒಂದು ಟೆಂಪೊ ಮಾಡಿಕೊಂಡು ಪೇಟೆಯ ಐದು ಜನ ಹಿರಿಯರು ಹೊರಟರು. ಮುಂದಾಳು ಜವಳಿ ಅಂಗಡಿಯ ಸಾವ್ಕಾರ್ರು; ಊರಿನ ಯಾವ ಪಂಚಾಯ್ತಿಗೂ ಅವರೇ ಮೊದಲು. ಅಪ್ಪ ತೊಡೆಯ ಮೇಲೆ ತಕ್ಕಡಿ ಪೆಟ್ಟಿಗೆ ಇಟ್ಟುಕೊಂಡು ಕೂತರು. ಹಿಂದಿನ ಸೀಟಿನಲ್ಲಿ ಒಂದು ಮೂಟೆ ಮಂಡಕ್ಕಿ, ಬುಟ್ಟಿ ತುಂಬ ಮಿರ್ಚಿ, ಮಧ್ಯದಲ್ಲಿ ಆಪಾದಿತಳಾದ ನಾನು.

ಹೋಗಿ ಕೂತರೆ ಕರೆಂಟಿಲ್ಲ. ಒಂದು ತಾಸು ಮಂಡಕ್ಕಿ ತಿಂದರು. ಮೇಸ್ತ್ರಿ ಎಲ್ಲರಿಗೂ ಚಾ ಕೊಟ್ಟು, ನನ್ನ ಕಿವಿಯಲ್ಲಿ ‘ಮೇಡಮ್ಮಾರೆ, ಪೊಲೀಸ್ ಕೇಸೇನ್ರಿ?’ ಅಂದರು. ಕರೆಂಟು ಬಂತು. ಟಿಕ್ ಟಿಕ್ ಟಿಕ್. ಐದು ಜನ ಹಿರಿಯರು ಭರಣಿಯ ಸುತ್ತ ಮೊಣಕಾಲೂರಿ, ‘ಖಾರಾ’ ಅಂತ ಬರೆದ ಮುಚ್ಚಳದ ಕೆಳಗೆ ನೀಲಿ ಕಿಡಿ ನೋಡುತ್ತಾ ಕೂತರು. ಮೊದಲರ್ಧ ತಾಸು ‘ಭಾಳ ಚಂದ ಐತೆ’ ಅಂದರು. ಆಮೇಲೆ ಒಬ್ಬರು ಗೊರಕೆ ಹೊಡೆದರು. ಮೂರು ತಾಸಿಗೆ ನಾನು ಯಂತ್ರ ನಿಲ್ಲಿಸಿ ಸೋಸುವ ಕಾಗದ ಬಿಚ್ಚಿದೆ. ಬೊಟ್ಟಿನಗಲ ಕಪ್ಪು ಕಲೆ.

‘ಎಲ್ಲೈತೆ ಬೆರಕೆ?’ ಅಂದರು ಜವಳಿ ಸಾವ್ಕಾರ್ರು.

‘ಇದೇ ರೀ.’

‘ಇದು ಬರೀ ಮಸಿ ಐತಲ್ಲವ್ವಾ!’

ಅಷ್ಟು ಸಣ್ಣ ಕಣಗಳಾದಾಗ ಬೆಳ್ಳಿಯೂ ಕಪ್ಪಾಗಿಯೇ ಕಾಣುತ್ತದೆ ಅಂತ ನಾನು ಶುರು ಮಾಡಿದೆ. ಯಾರೂ ಕೇಳಲಿಲ್ಲ. ‘ತೂಗ್ರಿ’ ಅಂದರು. ಅಪ್ಪ ತಕ್ಕಡಿ ಎತ್ತಿ ಹಿಡಿದು, ಒಂದು ತಟ್ಟೆಯಲ್ಲಿ ಹೊಸ ಕಾಗದ, ಇನ್ನೊಂದರಲ್ಲಿ ನನ್ನ ಕಾಗದ ಇಟ್ಟರು. ಮುಳ್ಳು ಅಲುಗಲಿಲ್ಲ. ಅಪ್ಪ ಬೆರಳಿನಿಂದ ತಟ್ಟಿದರು. ಊಹೂಂ.

ಜವಳಿ ಸಾವ್ಕಾರ್ರು ಎದ್ದು ನಿಂತು ಮೊಣಕಾಲು ಝಾಡಿಸಿಕೊಂಡರು. ‘ತೂಕಕ್ಕ ಬಂದ್ರೆ ತಾನೇ ಬೆರಕೆ? ತೂಕನೇ ಇಲ್ಲದ್ದು ಬೆರಕೆ ಹೆಂಗಾಗ್ತೈತ್ರಿ? ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರೆ, ಇಲ್ಲಿ ಇಲೀನೂ ಇಲ್ಲ. ಸಾವ್ಕಾರ್ರೇ, ನಿಮ್ಮ ಅಂಗಡಿ ಅಪ್ಪಟ. ಈ ಹುಡುಗಿ ಏನೂ ಮಾಡ್ತಿಲ್ಲ.’ ಉಳಿದ ನಾಲ್ವರೂ ಚಪ್ಪಾಳೆ ತಟ್ಟಿದರು. ಅಲ್ಲೇ ಒಂದು ಹಾಳೆ ತರಿಸಿ, ‘ಸದರಿ ಹುಡುಗಿಯು ಏನನ್ನೂ ಮಾಡುತ್ತಿಲ್ಲವೆಂದು ನಾವು ಮೂರು ತಾಸು ಕೂತು ಕಣ್ಣಾರೆ ಕಂಡಿರುತ್ತೇವೆ’ ಅಂತ ಬರೆದು ಐದೂ ಜನ ಸಹಿ ಹಾಕಿದರು. ಮೇಸ್ತ್ರಿಯ ಸಾಕ್ಷಿ ಸಹಿ ಬೇರೆ. ಪಾಪ, ಆತ ಹೆದರಿ ಹಾಕಿದ್ದು.

ಟೆಂಪೊದಲ್ಲಿ ವಾಪಸ್ಸು ಬರುವಾಗ ಎಲ್ಲರೂ ಖುಷಿಯಲ್ಲಿದ್ದರು. ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ಅಂಗಡಿ ಉಳಿಯಿತು, ಸಂತೋಷ. ಆದರೆ ಅಂಗಡಿ ಉಳಿದದ್ದು ನನ್ನ ಕೆಲಸ ಸೊನ್ನೆ ಅಂತ ಸಾಬೀತಾಗಿ. ನನಗೆ ಬೆರಕೆ ಬೇಕಿತ್ತು. ಅದು ನಿಜವಾದ ಬೆರಕೆಯಾದರೆ ಅಪ್ಪನ ಬೋರ್ಡಿಗೆ ಕಳಂಕ, ಆಗದಿದ್ದರೆ ನನ್ನ ಪಿಎಚ್‌ಡಿ ತುಂಗಭದ್ರೆಗೆ. ಇಂಥ ಇಕ್ಕಟ್ಟು ಯಾವ ವಿಜ್ಞಾನಿಗೂ ಬರಬಾರದು ದೇವರೇ.

ಅಪ್ಪ ಆ ಕಾಗದವನ್ನು ದುಡ್ಡಿನ ಗಲ್ಲೆಯ ಮೇಲಿನ ಗಾಜಿನ ಕೆಳಗೆ ಎಲ್ಲರಿಗೂ ಕಾಣುವಂತೆ ಇಟ್ಟರು. ಗಿರಾಕಿಗಳು ಓದಿ, ನಕ್ಕು, ಸಮಾಧಾನದಿಂದ ಕಾಲ್ಚೈನು ಕೊಂಡುಕೊಂಡು ಹೋದರು. ನಮ್ಮಪ್ಪನ ಅಂಗಡಿಯಲ್ಲಿ ನಾನು ಏನೂ ಮಾಡುತ್ತಿಲ್ಲ ಅಂತ ಸರ್ಟಿಫಿಕೇಟು! ಎಂಟು ದಿನ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಸಾರಿಗೆ ಉಪ್ಪು ಸಾಲದಿದ್ದರೂ ಅವ್ವನ ಮೂಲಕ ಹೇಳಿಸುತ್ತಿದ್ದೆ.

ಒಂಬತ್ತನೇ ದಿನ ಬೆಳಿಗ್ಗೆ ಅಪ್ಪ ವಿಭೂತಿ ಹಚ್ಚಿಕೊಳ್ಳುತ್ತಾ, ಗೋಡೆಗೆ ಹೇಳುವವರ ಹಾಗೆ, ‘ಎಕ್ಸ್‌ರೇಕ್ಕ ಎಷ್ಟು ಬೇಕಂತೆ?’ ಅಂದರು.

ನಾನೂ ಗೋಡೆಗೇ ಹೇಳಿದೆ: ‘ಒಂದು ಗುಲಗಂಜಿ ಇದ್ರೆ ಸಾಕಂತೆ.’

‘ಅವತ್ತು ತಕ್ಕಡಿ ಅಲುಗಲಿಲ್ಲ. ಆದ್ರೆ ಕಡ್ಡಿ ಸವೆದಿತ್ತಲ್ಲ? ವಾರಕ್ಕೊಂದು ಭತ್ತದ ಕಾಳು ನಾನೇ ತೂಗೀನಿ. ಇಲ್ಲಿಂದ ಹೋಗಿದ್ದು ಅಲ್ಲಿ ಎಲ್ಲೋ ಇರಬೇಕಲ್ಲ. ಹೋಗಿದ್ದು ಹೋಗೇ ಇಲ್ಲ ಅಂತ ಐದು ಜನ ಸಹಿ ಹಾಕಿದ್ರೆ ನಾ ಒಪ್ಪಂಗಿಲ್ಲ.’

ರಸಾಯನಶಾಸ್ತ್ರದ ಮೊದಲ ಪಾಠ ಅದೇ, ವಸ್ತು ಎಲ್ಲೂ ಕಾಣೆಯಾಗುವುದಿಲ್ಲ ಅಂತ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ. ನಮ್ಮಪ್ಪನಿಗೆ ಅದು ತಕ್ಕಡಿ ಹಿಡಿದು ಹಿಡಿದು ಬಂದ ಜ್ಞಾನ. ಅವತ್ತು ನಾನು ಗೋಡೆ ಬಿಟ್ಟು ಅವರ ಕಡೆ ತಿರುಗಿದೆ.

ಆಮೇಲಿನ ಭಾನುವಾರಗಳಲ್ಲಿ ಅಪ್ಪ ನನ್ನ ಜೊತೆ ಹರಿಹರದ ಬಸ್ಸು ಹತ್ತಿದರು. ಭರಣಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಕಿಡಿಯ ಸದ್ದು ಸ್ವಲ್ಪ ಏರುಪೇರಾದರೂ ‘ಸಂದು ಜಾಸ್ತಿ ಆತು ನೋಡವ್ವಾ’ ಅನ್ನುತ್ತಿದ್ದರು. ನಾಲ್ಕನೇ ವಾರದ ಹೊತ್ತಿಗೆ ಕಡ್ಡಿಗಳನ್ನು ನನಗಿಂತ ನಾಜೂಕಾಗಿ ಹೊಂದಿಸುತ್ತಿದ್ದರು. ನಲವತ್ತು ವರ್ಷ ಸಣ್ಣ ಸಣ್ಣ ಕೊಂಡಿ ಬೆಸೆದ ಕೈ. ಕರೆಂಟು ಹೋದಾಗ ಮೇಸ್ತ್ರಿಯ ಜೊತೆ ಲೋಕಾಭಿರಾಮ. ಒಂಬತ್ತು ಭಾನುವಾರ ಕಳೆದ ಮೇಲೆ ಎಲ್ಲಾ ಕಾಗದಗಳಿಂದ ಕೆರೆದು ಸೇರಿಸಿದ ಕರಿಪುಡಿಯನ್ನು ಒಂದು ತಟ್ಟೆಗೆ ಹಾಕಿದರು. ಇನ್ನೊಂದಕ್ಕೆ ಕೆಂಪು ಮೈ, ಕರಿ ಕಣ್ಣಿನ ಒಂದು ಗುಲಗಂಜಿ. ಮುಳ್ಳು ಆ ಕಡೆ ಈ ಕಡೆ ತೂಗಿ, ನಡುವೆ ನಿಂತಿತು. ಅಪ್ಪ ನನ್ನ ಕೈ ಹಿಡಿದುಕೊಂಡುಬಿಟ್ಟರು.

ಪುಡಿಯನ್ನು ಸಣ್ಣ ಬಾಟಲಿಗೆ ಹಾಕಿ, ಆರ್ಗಾನ್ ತುಂಬಿ, ಬಾಯಿಗೆ ಮೇಣ ಹಚ್ಚಿದೆವು. ಅಪ್ಪ ಅಭ್ಯಾಸಬಲದಿಂದ ಅದನ್ನೂ ಗುಲಾಬಿ ಕಾಗದದಲ್ಲಿ ಸುತ್ತಿ, ಮೂಲೆಗೆ ಅರಿಶಿನ ಕುಂಕುಮ ಮುಟ್ಟಿಸಿ ಕೊಟ್ಟರು. ಗೈಡ್ ಅದನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಲ್ಯಾಬಿಗೆ ಹೋದಾಗ ಅಲ್ಲಿಯವರು ‘ಯಾರ ಮದುವೆ ಸಾರ್?’ ಅಂದರಂತೆ. ಅವರ ನಿವೃತ್ತಿಗೆ ಇನ್ನು ಹದಿನೈದೇ ದಿನ ಉಳಿದಿತ್ತು.

ಫಲಿತಾಂಶ ಬಂದದ್ದು ಅಂಗಡಿಯ ಫೋನಿಗೆ. ನಾನು ಅಲ್ಲೇ ಕೂತಿದ್ದೆ. ಒಳಗೆ ಗಿರಾಕಿಗಳು, ಜವಳಿ ಸಾವ್ಕಾರ್ರೂ ಮೊಮ್ಮಗನ ಉಡಿದಾರಕ್ಕೆ ಬಂದಿದ್ದರು. ರಿಸೀವರ್ ಎತ್ತಿದ್ದು ಅಪ್ಪ. ನಮ್ಮ ಗೈಡಿಗೆ ಫೋನಿನಲ್ಲಿ ಮಾತಾಡುವುದೆಂದರೆ ಕೂಗುವುದು. ಇಡೀ ಅಂಗಡಿಗೆ ಕೇಳಿಸಿತು: ‘ಸಾವ್ಕಾರ್ರೇ! ನಿಮ್ಮ ಮಗಳದ್ದು ಬೆರಕೆನೇ! ಪೂರ್ತಿ ಬೆರಕೆ!’

‘ಪಕ್ಕಾನಾ ಸಾರ್?’ ಅಪ್ಪನೂ ಕೂಗಿದರು.

‘ಬೆಳ್ಳಿಯ ಗುರುತು ಬೆಳ್ಳಿಯ ಜಾಗದಲ್ಲಿಲ್ಲ, ತಾಮ್ರದ್ದು ತಾಮ್ರದ ಜಾಗದಲ್ಲಿಲ್ಲ! ಎರಡೂ ಸೇರಿ ನಡುವೆ ಒಂದೇ ಗುರುತು! ಬೇರೆ ಮಾಡೋಕೇ ಆಗಲ್ಲ!’

ಅಪ್ಪ ರಿಸೀವರ್ ಇಟ್ಟರು. ಗಲ್ಲೆಯ ಗಾಜು ಎತ್ತಿ, ಐದು ಸಹಿಯ ಕಾಗದ ಹೊರಗೆಳೆದು, ಮಡಚಿ ಜವಳಿ ಸಾವ್ಕಾರ್ರ ಕೈಗೆ ಕೊಟ್ಟರು. ‘ಇದು ಸುಳ್ಳಾತ್ರಿ. ಇಟ್ಕೊಳ್ರಿ.’

‘ಅಲ್ರಿ, ಸುಮ್ಮನೆ ಇರಲಿ ಬಿಡ್ರಿ. ಯಾರು ಕೇಳ್ತಾರೆ?’

‘ಯಾರೂ ಕೇಳ್ದಿದ್ರೂ ಬೋರ್ಡು ಮ್ಯಾಲೆ ನೇತಾಡ್ತೈತಲ್ರಿ’ ಅಂದರು ಅಪ್ಪ.

ಆ ಮಾತಿಗೆ ನನ್ನ ಸಂತೋಷವೆಲ್ಲ ಜರ್ರನೆ ಇಳಿಯಿತು. ಪಿಎಚ್‌ಡಿ ಬಂತು, ಅಜ್ಜನ ಬೋರ್ಡು ಹೋಯಿತು ಅಂದುಕೊಂಡೆ. ಮಾರನೇ ದಿನ ಕಾಲೇಜು ಮುಗಿಸಿ ಬರುವಾಗ ಅಂಗಡಿಯ ಮುಂದೆ ಏಣಿ ಇತ್ತು. ಏಣಿಯ ಮೇಲೆ ಪೇಂಟರು, ಕೆಳಗೆ ಅಪ್ಪ, ಅಪ್ಪನ ಹಿಂದೆ ಇಪ್ಪತ್ತು ಜನ. ನಾನು ರಸ್ತೆಯ ಆಚೆ ಬದಿಯಲ್ಲೇ ನಿಂತೆ.

ಪೇಂಟರು ಏನನ್ನೂ ಅಳಿಸಿರಲಿಲ್ಲ. ಹಳೇ ಎರಡು ಪದಗಳು ಹಾಗೇ ಇದ್ದವು. ಅವುಗಳ ಎಡಕ್ಕೆ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ, ಅಕ್ಷರ ಒತ್ತೊತ್ತಾಗಿ, ಒಂದು ಹೊಸ ಪದ ಸೇರಿಸಿದ್ದರು. ಈಗ ಬೋರ್ಡು ಹೀಗಿತ್ತು: ‘ಅಂಗಡಿಯಲ್ಲಿ ಬೆರಕೆ ಇಲ್ಲ’.

ಗುಂಪಿನಲ್ಲಿ ಆ ಕುಕ್ಕುವಾಡದ ಹೆಂಗಸೂ ಇದ್ದಳು. ಓದಿಸಿ ಕೇಳಿಕೊಂಡು, ಸೆರಗು ಬಾಯಿಗೆ ಹಿಡಿದು, ‘ಅಂಗಡಿಯಾಗ ಇಲ್ಲ ಅಂದ್ರೆ ಮತ್ತೆ ಎಲ್ಲೈತ್ರಿ ಸಾವ್ಕಾರ್ರೇ?’ ಅಂದಳು.

ಅಪ್ಪ ನಾನು ಆಚೆ ನಿಂತದ್ದನ್ನು ನೋಡಿರಲಿಲ್ಲ. ‘ಮನೆಯಾಗೈತೆ’ ಅಂದರು, ಇಡೀ ಪೇಟೆಗೆ ಕೇಳುವ ಹಾಗೆ. ‘ನನ್ನ ಮಗಳು ಮಾಡ್ಯಾಳೆ. ಒಂದು ಗುಲಗಂಜಿ. ಅಪ್ಪಟ ಬೆರಕೆ.’